ಸೈಕಲ್ ಕೊಟ್ಟರು, ದಾರಿ ಎಲ್ಲಿ?

ಶುಗರ್, ಬಿ.ಪಿ. ಎಂದು ದವಾಖಾನೆಗೆ ಹೋದವರಿಗೆಲ್ಲ ಡಾಕ್ಟರು ಮಾತ್ರೆಯ ಜೊತೆಗೆ ಒಂದು ಮಾತನ್ನೂ ಕೊಟ್ಟು ಕಳಿಸುತ್ತಾರೆ. ‘ದಿನಾ ಅರ್ಧ ತಾಸು ನಡೀರಿ.’ ಮಾತು ಸರಿಯಾದದ್ದೇ. ಆದರೆ ಎಲ್ಲಿ ನಡೆಯಬೇಕು ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಲಾರಿಗಳು ಮೈಗೆ ಉಜ್ಜಿದಂತೆ ಹಾಯುವ ರಸ್ತೆಯ ಅಂಚಿನಲ್ಲೇ? ಮುಚ್ಚಳವಿಲ್ಲದ ಗಟಾರದ ಮಗ್ಗುಲಲ್ಲೇ? ಕತ್ತಲಾದ ಮೇಲೆ ದೀಪವಿಲ್ಲದ ಓಣಿಯಲ್ಲೇ? ನಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ನಡೆಯಲು ಬರುವಂಥ ಊರು ಕಟ್ಟುವ ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಇದು ಬೆಂಗಳೂರಿನಂಥ ಮಹಾನಗರದ ಸಮಸ್ಯೆ, ಹಳ್ಳಿಯವರು ಹೇಗೂ ನಡೆಯುತ್ತಲೇ ಇರುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಅಂಕಿಅಂಶಗಳು ಬೇರೆಯದನ್ನೇ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಕಾಯಿಲೆ ಬಂದೇ ಬಿಟ್ಟವರ ಪ್ರಮಾಣ ನಗರಗಳಲ್ಲಿ ಹೆಚ್ಚು, ನಿಜ. ಆದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಪ್ರಮಾಣ ಹಳ್ಳಿಯಲ್ಲೂ ಪೇಟೆಯಲ್ಲೂ ಹೆಚ್ಚುಕಡಿಮೆ ಒಂದೇ, ಶೇ 15ರ ಆಸುಪಾಸು. ಇನ್ನು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಲೆಕ್ಕ ನೋಡಿ. 2000ದಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಶೇ 22ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. 2022ರ ಹೊತ್ತಿಗೆ ಅಂಥವರ ಪ್ರಮಾಣ ಶೇ 49ನ್ನು ದಾಟಿತು. ಹೆಂಗಸರಲ್ಲಂತೂ ಅದು ಶೇ 57. ಇಪ್ಪತ್ತೆರಡು ವರ್ಷಗಳಲ್ಲಿ ಅರ್ಧ ದೇಶವೇ ಒಮ್ಮೆಲೇ ಸೋಮಾರಿಯಾಯಿತು ಎಂದರೆ ನಾನು ನಂಬುವುದಿಲ್ಲ. ಜನ ಬದಲಾಗುವ ಮೊದಲು ಅವರ ದಾರಿ ಬದಲಾಗಿದೆ.

ರೈಲು ಕಟ್ಟಿದ ಊರು

ನಾನು ಖಾನಾಪುರ ತಾಲ್ಲೂಕಿನ ಲೋಂಡಾದವಳು. ಹುಬ್ಬಳ್ಳಿ ಕಡೆಯಿಂದ, ಮಿರಜ್-ಬೆಳಗಾವಿ ಕಡೆಯಿಂದ, ಗೋವಾ ಕಡೆಯಿಂದ ಬರುವ ಹಳಿಗಳು ಕೂಡುವ ಜಂಕ್ಷನ್ ನಮ್ಮೂರು. ಕಾಲೇಜಿಗೆಂದು ದಿನಾ ಬೆಳಗಾವಿಗೆ ರೈಲಿನಲ್ಲಿ ಹೋಗಿಬರುತ್ತೇನೆ. ನಿಲ್ದಾಣದಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ಹೊತ್ತಿನ ನಡಿಗೆಗೆ ಊರು ಮುಗಿದು ಕಾಡು ಶುರುವಾಗುತ್ತದೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲವೂ ಒಂದೇ ಚಹಾದಂಗಡಿಯಲ್ಲಿ ಕೇಳಿಸುವಷ್ಟು ಸಣ್ಣ ಊರು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಈ ಭಾಗಕ್ಕೆ ಮೀಟರ್‌ಗೇಜ್ ಹಳಿ ತಂದರು. ರೈಲಿನವರು ಊರು ಕಟ್ಟುವಾಗ ಯೋಚಿಸಿದ್ದು ಜನರ ಆರೋಗ್ಯದ ಬಗ್ಗೆ ಅಲ್ಲ, ಡ್ಯೂಟಿಯ ಬಗ್ಗೆ. ಡ್ರೈವರ್, ಗಾರ್ಡ್, ಪಾಯಿಂಟ್ಸ್‌ಮನ್ ಇವರೆಲ್ಲ ನಡುರಾತ್ರಿ ಕರೆದರೂ ನಡೆದು ಬರುವಷ್ಟು ಹತ್ತಿರದಲ್ಲಿ ಇರಬೇಕಿತ್ತು. ಫೋನ್ ಇಲ್ಲದ ಕಾಲದಲ್ಲಿ ರೈಲ್ವೆ ಊರುಗಳಲ್ಲಿ ಕಾಲ್‌ಬಾಯ್ ಎಂಬುವನೊಬ್ಬ ಮನೆಮನೆಗೆ ಹೋಗಿ ಬಾಗಿಲು ಬಡಿದು ಡ್ಯೂಟಿಯವರನ್ನು ಎಬ್ಬಿಸುತ್ತಿದ್ದ. ಅವನು ಕಾಲ್ನಡಿಗೆಯಲ್ಲಿ ಅಥವಾ ಸೈಕಲ್ ಮೇಲೆ ಮುಟ್ಟಬಹುದಾದಷ್ಟೇ ಊರಿನ ವಿಸ್ತಾರ. ಹಾಗಾಗಿ ಕ್ವಾರ್ಟರ್ಸ್‌ಗಳು, ಅಂಗಡಿ ಸಾಲು, ಶಾಲೆ, ಗುಡಿ, ಮಸೀದಿ, ಚರ್ಚು ಎಲ್ಲ ನಿಲ್ದಾಣದ ಸುತ್ತಲೇ ಬೆಳೆದವು.

ಪ್ಯಾರಿಸ್ ನಗರದ ಮೇಯರ್ 2020ರ ಚುನಾವಣೆಯಲ್ಲಿ ‘ಹದಿನೈದು ನಿಮಿಷದ ನಗರ’ ಕಟ್ಟುತ್ತೇನೆ ಎಂದು ಹೇಳಿದ್ದು ಜಗತ್ತಿಗೇ ಸುದ್ದಿಯಾಯಿತು. ಶಾಲೆ, ಅಂಗಡಿ, ದವಾಖಾನೆ, ಕೆಲಸ ಎಲ್ಲವೂ ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲೋ ಸೈಕಲ್ ಸವಾರಿಯಲ್ಲೋ ಸಿಗಬೇಕು ಎಂಬುದು ಅದರ ಅರ್ಥ. ಪ್ಯಾರಿಸ್‌ನವರು ಕೋಟಿಗಟ್ಟಲೆ ಸುರಿದು ಮಾಡಬೇಕಾದ್ದು ಲೋಂಡಾದಂಥ ಊರುಗಳಿಗೆ ಹುಟ್ಟಿನಿಂದಲೇ ಬಂದಿತ್ತು. ಅಳ್ನಾವರ, ಗುಂಜಿ, ನಾಗರಗಾಳಿ, ತಿನೈಘಾಟ್ ಹೀಗೆ ಈ ಹಳಿಗುಂಟ ಇರುವ ಊರುಗಳನ್ನು ನೋಡಿದರೂ ನಿಲ್ದಾಣವೇ ಊರಿಗೆ ನಡುಗಂಬ. ಇರುವುದನ್ನು ಕಾಪಾಡಿಕೊಂಡರೆ ಸಾಕಿತ್ತು.

ಕಾಪಾಡಿಕೊಳ್ಳುವುದು ಆಗಲಿಲ್ಲ. ನಮ್ಮೂರ ಬಳಿಯೇ ಬೆಳಗಾವಿ-ಪಣಜಿ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಹಳಬರು ಇವತ್ತಿಗೂ ‘ಫೋರ್ ಎ’ ಎನ್ನುತ್ತಾರೆ, ಹೊಸ ಸಂಖ್ಯೆ 748. ಗೋವಾಕ್ಕೆ ತರಕಾರಿ, ಹಾಲು, ಸಿಮೆಂಟು ಹೊತ್ತ ಗಾಡಿಗಳು, ಶನಿವಾರ-ಭಾನುವಾರ ಸಮುದ್ರ ನೋಡಲು ಹೊರಟವರ ಕಾರುಗಳು ಹಗಲು ರಾತ್ರಿ ಹರಿಯುತ್ತವೆ. ರಸ್ತೆ ಅಗಲವಾಗಿ, ನುಣುಪಾಗಿ ವೇಗ ಏರಿದಂತೆ ಅದರ ಅಂಚಿನಲ್ಲಿ ನಡೆಯುವವರ ಜಾಗ ಕಿರಿದಾಯಿತು. ಅತ್ತ ಮಿರಜ್-ಲೋಂಡಾ ಮಾರ್ಗ ಜೋಡಿ ಹಳಿಯಾಗಿದೆ. ರೈಲಿನಲ್ಲಿ ಓಡಾಡುವ ನನಗೆ ಇದರಿಂದ ಖುಷಿಯೇ. ಆದರೆ ಹಳಿ ಎರಡಾಗಿ ರೈಲುಗಳ ವೇಗ ಹೆಚ್ಚಿದ ಮೇಲೆ, ‘ಇಲ್ಲೇ ದಾಟಿಬಿಡೋಣ’ ಎಂದು ಹಳಿಯ ಮೇಲೆ ಕಾಲಿಡುವುದು ಜೀವದ ಜೊತೆ ಜೂಜು. ಹಳಿಯ ಆಚೆ ಶಾಲೆ, ಈಚೆ ಮನೆ ಇರುವ ಊರುಗಳಲ್ಲಿ ಈ ಜೂಜನ್ನು ಮಕ್ಕಳೇ ಆಡುತ್ತಾರೆ.

ಫಲ ಏನಾಯಿತು? ಅರ್ಧ ಕಿಲೋಮೀಟರ್ ದೂರದ ಅಂಗಡಿಗೆ ಬೈಕು. ಮಗುವನ್ನು ಅಂಗನವಾಡಿಗೆ ಬಿಡಲು ಬೈಕು. ಬೈಕು ಇಲ್ಲದವರು, ಹೊಡೆಯಲು ಬರದವರು ಮನೆಯಲ್ಲೇ. ಮನೆಯಲ್ಲೇ ಉಳಿಯುವವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅವ್ವಂದಿರು, ಆಯಿ-ಅಜ್ಜಂದಿರು ಮತ್ತು ಹನ್ನೆರಡು ದಾಟಿದ ಹುಡುಗಿಯರು. ಶೇ 57 ಎಂಬ ಆ ಅಂಕಿಯ ಹಿಂದೆ ಇರುವ ಮುಖಗಳು ಇವೇ.

ಎಂಟನೇ ತರಗತಿಯ ಸೈಕಲ್

ನನ್ನ ವಾರಿಗೆಯವರೆಲ್ಲರಿಗೂ ನೆನಪಿರುವ ಒಂದು ಸಂಗತಿ ಇದೆ. ಎಂಟನೇ ತರಗತಿಗೆ ಕಾಲಿಟ್ಟರೆ ಸೈಕಲ್ ಸಿಗುತ್ತದೆ. 2006-07ರಲ್ಲಿ ಬಡ ಕುಟುಂಬದ ಹೆಣ್ಣುಮಕ್ಕಳಿಗೆಂದು ರಾಜ್ಯ ಸರ್ಕಾರ ಆರಂಭಿಸಿದ ಯೋಜನೆ ಮರುವರ್ಷ ಹುಡುಗರಿಗೂ ಬಂತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್. ಕೋವಿಡ್ ಬಂದಾಗ ನಿಂತುಹೋದ ಆ ಚಕ್ರ ಮುಂದೆ ಹಲವು ವರ್ಷ ತಿರುಗಲಿಲ್ಲ.

ಸೈಕಲ್ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ನಮ್ಮ ಯೋಜನೆ ಶುರುವಾದ ಹೊತ್ತಿನಲ್ಲೇ ಬಿಹಾರದಲ್ಲೂ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ವಯಸ್ಸಿಗೆ ತಕ್ಕಂತೆ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಜೊತೆಗೇ ಹತ್ತಾರು ಸಾವಿರ ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅಕ್ಷರ ಕಲಿಸಲು ಹೋದವರಿಗೆ, ಓಡಾಡುವ ಸ್ವಾತಂತ್ರ್ಯವಿಲ್ಲದೆ ಅಕ್ಷರ ಅರ್ಧವೇ ಎಂಬುದು ಗೊತ್ತಾಗಿತ್ತು.

ಆರೋಗ್ಯದ ಲೆಕ್ಕವನ್ನೂ ಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಬೇಕು. ಮನೆಯಿಂದ ಶಾಲೆ ಐದು ಕಿಲೋಮೀಟರ್ ಎಂದುಕೊಳ್ಳಿ. ನಡೆದರೆ ಒಂದು ತಾಸು, ಸೈಕಲ್ ತುಳಿದರೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ಹೋಗಿಬರುವಷ್ಟರಲ್ಲಿ ಆ ದಿನದ ವ್ಯಾಯಾಮದ ಮುಕ್ಕಾಲು ಪಾಲು ಮುಗಿಯಿತು. ಜಿಮ್ ಬೇಡ, ಶುಲ್ಕ ಬೇಡ, ಬೇರೆ ಸಮಯವೂ ಬೇಡ. ವ್ಯಾಯಾಮವನ್ನು ದಿನದ ಕೆಲಸದೊಳಗೇ ಸೇರಿಸಿಬಿಡುವ ಜಾಣತನ ಇದು.

ಇಷ್ಟೆಲ್ಲ ಇದ್ದೂ ಆ ಸೈಕಲ್‌ಗಳು ಎಲ್ಲಿ ಹೋದವು? ನನ್ನ ಕಾಕಾನ ಮಗಳಿಗೆ ಅಂಥದೇ ಒಂದು ಸೈಕಲ್ ಬಂದಿತ್ತು. ಊರೊಳಗೆ ನಾಲ್ಕು ದಿನ ತಿರುಗಿಸಿದಳು. ಶಾಲೆಗೆ ಒಯ್ಯಬೇಕೆಂದರೆ ಹೆದ್ದಾರಿಯ ಒಂದು ತುಣುಕು ದಾಟಲೇಬೇಕು. ‘ಏ ತಂಗಿ, ಆ ಲಾರಿ ನಡುವ ಸೈಕಲ್ ಹೊಡಿಬ್ಯಾಡ. ಟಂಟಂದಾಗ ಹೋಗವಾ’ ಅಂದರು ಕಾಕಾ. ಸೈಕಲ್ ಜಗಲಿಯ ಮೇಲೆ ನಿಂತಿತು. ಗಾಲಿಯ ಗಾಳಿ ಹೋಯಿತು, ಕ್ಯಾರಿಯರ್ ಮೇಲೆ ಹಿಟ್ಟಿನ ಚೀಲ ಕೂತಿತು. ಕಾಕಾ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಯಾವ ತಂದೆಯೂ ಅದನ್ನೇ ಹೇಳುತ್ತಾನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ 32,800ಕ್ಕೂ ಹೆಚ್ಚು ಜನ ಪಾದಚಾರಿಗಳು. ದಿನಕ್ಕೆ ಸರಾಸರಿ 90 ಜನ ಬರೀ ನಡೆಯುತ್ತಿದ್ದಾಗ ಸತ್ತಿದ್ದಾರೆ. ಇಂಥ ರಸ್ತೆಗೆ ಹದಿಮೂರು ವರ್ಷದ ಮಗಳನ್ನು ಸೈಕಲ್ ಮೇಲೆ ಕಳಿಸು ಎಂದು ಯಾವ ಬಾಯಲ್ಲಿ ಹೇಳುವುದು?

ಸರ್ಕಾರ ಸೈಕಲ್ ಕೊಟ್ಟಿತು, ಅದಕ್ಕೆ ದಾರಿ ಕೊಡಲಿಲ್ಲ. ಯೋಜನೆಯ ಅರ್ಧ ಭಾಗ ಮಾತ್ರ ಶಾಲೆಯ ಅಂಗಳಕ್ಕೆ ಬಂತು. ಉಳಿದ ಅರ್ಧವನ್ನು ಕೇಳುವುದು ಈಗ ನಮ್ಮ ಕೆಲಸ.

ಕಡ್ಡಾಯದ ನಡಿಗೆ, ಇಷ್ಟದ ನಡಿಗೆ

ಇಲ್ಲಿ ಒಂದು ಎಚ್ಚರ ಬೇಕು. ನಡಿಗೆಯನ್ನು ಹೊಗಳುವ ಭರದಲ್ಲಿ ನಮ್ಮ ತಾಲ್ಲೂಕಿನ ಕಾಡಂಚಿನ ಹಳ್ಳಿಗಳನ್ನು ಮರೆಯಬಾರದು. ಭೀಮಗಡ ವನ್ಯಜೀವಿಧಾಮದ ಒಳಗೆ, ಸುತ್ತಮುತ್ತ ಇರುವ ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವದಂಥ ಊರುಗಳ ಜನ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮೈಲುಗಟ್ಟಲೆ ನಡೆಯುತ್ತಾರೆ. ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು ಹೆಗಲ ಮೇಲೆ ಹೊತ್ತು ತರುವ ಪ್ರಸಂಗ ಈ ಭಾಗಕ್ಕೆ ಹೊಸದಲ್ಲ. ಅವರಿಗೆ ಹೋಗಿ ‘ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು’ ಎಂದರೆ ಅದಕ್ಕಿಂತ ದೊಡ್ಡ ಅಪಹಾಸ್ಯ ಇನ್ನೊಂದಿಲ್ಲ.

ಬೇರೆ ದಾರಿಯಿಲ್ಲದೆ ನಡೆಯುವುದು ಬೇರೆ, ಬೇಕೆಂದು ನಡೆಯುವುದು ಬೇರೆ. ಮೊದಲನೆಯದು ದಣಿಸುತ್ತದೆ, ಎರಡನೆಯದು ದೇಹವನ್ನು ಕಾಯುತ್ತದೆ. ಕಾಡಿನ ಹಳ್ಳಿಗೆ ಮೊದಲು ಬೇಕಾದದ್ದು ಮಳೆಗಾಲದಲ್ಲೂ ದಾಟಲು ಬರುವ ಕಾಲುಸಂಕ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಕರೆದರೆ ಬರುವ ಆಂಬುಲೆನ್ಸ್. ಲೋಂಡಾ, ಖಾನಾಪುರ, ನಂದಗಡದಂಥ ಊರಿಗೆ ಬೇಕಾದದ್ದು ನಿರ್ಭಯವಾಗಿ ನಡೆಯುವ, ಸೈಕಲ್ ತುಳಿಯುವ ಜಾಗ. ಎರಡೂ ಒಂದೇ ಹಕ್ಕಿನ ಎರಡು ತುದಿಗಳು. ಹೇಗೆ ಓಡಾಡಬೇಕು ಎಂಬುದನ್ನು ಮನುಷ್ಯ ತಾನೇ ಆರಿಸಿಕೊಳ್ಳುವಂತಿರಬೇಕು.

ಬಸ್ಸು ಬಂದರೆ ನಡಿಗೆ ನಿಲ್ಲುತ್ತದೆ ಎಂದೇನೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಖಾನಾಪುರದ ಸಂತೆಗೆ, ಬೆಳಗಾವಿಯ ಕಾಲೇಜಿಗೆ ಹೋಗುವ ಹೆಂಗಸರ ಸಂಖ್ಯೆ ಕಣ್ಣಿಗೇ ಕಾಣುವಂತೆ ಏರಿದೆ. ಆದರೆ ಪ್ರತಿ ಬಸ್ ಪ್ರಯಾಣವೂ ನಡಿಗೆಯಿಂದಲೇ ಆರಂಭವಾಗಿ ನಡಿಗೆಯಲ್ಲೇ ಮುಗಿಯುತ್ತದೆ. ಟಿಕೆಟ್ ಪುಕ್ಕಟೆಯಾದರೂ ಸಂಜೆ ಏಳಕ್ಕೆ ಬಸ್ಸಿಳಿದು ಕತ್ತಲ ರಸ್ತೆಯಲ್ಲಿ ಮನೆ ಸೇರಬೇಕಾದ ಹುಡುಗಿಗೆ ಆ ಕೊನೆಯ ಅರ್ಧ ಕಿಲೋಮೀಟರ್ ತುಟ್ಟಿಯೇ. ಕರಡಿ, ಕಾಡುಕೋಣ ಓಡಾಡುವ ಸೀಮೆ ನಮ್ಮದು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ನಸುಕಿನಲ್ಲಿ ಎದ್ದು ಕಾಡಿನ ರಸ್ತೆಗೆ ವಾಕಿಂಗ್ ಹೋಗಿ ಎಂದು ಇಲ್ಲಿ ಯಾರಿಗೂ ಹೇಳಲು ಬರುವುದಿಲ್ಲ. ನಡೆಯುವ ಜಾಗ ಊರೊಳಗೇ ಆಗಬೇಕು.

ನಡೆಯುವವರು ಯಾರಿಗೆ ಸೇರಿದವರು?

ನಮ್ಮೂರಲ್ಲಿ ಹಳಿ ರೈಲ್ವೆಯದು, ಹೆದ್ದಾರಿ ಕೇಂದ್ರದ್ದು, ಮರ ಅರಣ್ಯ ಇಲಾಖೆಯದು, ಓಣಿ ಗ್ರಾಮ ಪಂಚಾಯಿತಿಯದು, ಕಂಬ ಹೆಸ್ಕಾಂನದು. ಶಾಲೆಗೆ ಹೊರಟ ಒಂದು ಮಗು ಹತ್ತು ನಿಮಿಷದಲ್ಲಿ ಈ ಎಲ್ಲರ ಜಾಗವನ್ನೂ ತುಳಿದು ಹೋಗುತ್ತದೆ. ಆ ಮಗು ಮಾತ್ರ ಯಾರ ಕಡತದಲ್ಲೂ ಇಲ್ಲ. ಪ್ರತಿಯೊಬ್ಬರೂ ತಮ್ಮ ತುಣುಕನ್ನು ಸರಿಯಾಗಿ ಕಟ್ಟಿರಬಹುದು. ತುಣುಕು ತುಣುಕು ಸೇರುವ ಜಾಗದಲ್ಲೇ ದಾರಿ ಕಡಿಯುತ್ತದೆ. ಗಟಾರದ ಮೇಲೆ ಕಲ್ಲು ಇಲ್ಲದಿರುವುದು, ಪಾದಚಾರಿ ಸೇತುವೆಯ ಮೆಟ್ಟಿಲು ಮುಗಿದಲ್ಲಿ ಕೆಸರು ಇರುವುದು, ಹಳಿಯ ಕೆಳದಾರಿಯಲ್ಲಿ ಮಳೆಗಾಲದುದ್ದಕ್ಕೂ ಮೊಣಕಾಲು ನೀರು ನಿಲ್ಲುವುದು, ಇವೆಲ್ಲ ಎಷ್ಟೋ ಊರುಗಳ ಕಥೆ.

ಕಾನೂನು ಈಗ ನಡೆಯುವವರ ಪರವಾಗಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸ್ಪಷ್ಟವಾಗಿ ಹೇಳಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು, ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ವಿನ್ಯಾಸ ಮಾಡಿದವರಿಗೂ ಕಟ್ಟಿದವರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಆರು ಅಡಿ, ತೆರವಾಗಿ ಇರಬೇಕು. ಅಂಚಿನ ಎತ್ತರ ಆರು ಇಂಚು ಮೀರಬಾರದು. ಕೋಲೂರಿ ನಡೆಯುವ ಅಜ್ಜಿ ಹತ್ತಲಾರದ ಕಟ್ಟೆಗೆ ಫುಟ್‌ಪಾತ್ ಎಂಬ ಹೆಸರು ಒಪ್ಪುವುದಿಲ್ಲ.

ನಗರಗಳು ಏನು ಮಾಡಿವೆ ಎಂದು ನೋಡಿದರೆ ಪಾಠ ಸಿಗುತ್ತದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಆರಂಭವಾಯಿತು. ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲೇ ಸೇರಿತು. ಕೆಲವು ರಸ್ತೆಗಳಿಗೆ ಅಗಲವಾದ ಕಾಲುದಾರಿ ಬಂತು. ಅದರ ಮೇಲೆ ಜನ ಬೈಕು ನಿಲ್ಲಿಸತೊಡಗಿದ್ದನ್ನು ದಿನಾ ನೋಡುತ್ತೇನೆ. ಸೈಕಲ್ ಒಂದೇ ಕೊಟ್ಟರೆ ಸಾಲದು, ಫರಸಿ ಒಂದೇ ಹಾಕಿದರೆ ಸಾಲದು. ಊರಿನ ರಚನೆ ಮತ್ತು ಅದನ್ನು ಕಾಯುವ ಮನಸ್ಸು ಎರಡೂ ಕೂಡಿ ಬರಬೇಕು.

ನೆದರ್ಲೆಂಡ್ಸ್‌ನವರು ಸೈಕಲ್ ಮೇಲೇ ಹುಟ್ಟಿದವರು ಎಂಬಂತೆ ನಾವು ಮಾತಾಡುತ್ತೇವೆ. ಅದು ಹಾಗಲ್ಲ. 1960ರ ದಶಕದಲ್ಲಿ ಅಲ್ಲಿಯೂ ಕಾರುಗಳಿಗಾಗಿ ಸೈಕಲ್ ದಾರಿಗಳನ್ನು ಕಿತ್ತುಹಾಕಿದರು. 1971ರಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತಾಗ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದಾಗ, ಅಪ್ಪ-ಅಮ್ಮಂದಿರು ಬೀದಿಗಿಳಿದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬುದೇ ಆ ಚಳವಳಿಯ ಹೆಸರು. ಇಂದಿನ ಅಲ್ಲಿನ ಸೈಕಲ್ ದಾರಿಗಳು ಆ ಸಿಟ್ಟಿನ ಫಲ. ಅವರಿಗೂ ದಾರಿ ಕೇಳಿದ ಮೇಲೆಯೇ ಸಿಕ್ಕಿತು.

ಆರು ಅಡಿಯ ಲೆಕ್ಕ

ಹಾಗಾದರೆ ಲೋಂಡಾದಂಥ ಊರು ಏನು ಕೇಳಬೇಕು? ನನಗೆ ತೋರಿದ್ದು ಐದೇ ಸಂಗತಿಗಳು.

ಒಂದು, ವೇಗ. ಜನವಸತಿಯ ನಡುವೆ, ಶಾಲೆಯ ಎದುರು ಗಂಟೆಗೆ 30 ಕಿಲೋಮೀಟರ್ ಮೀರಬಾರದು. ಕಾರು ಬಡಿದಾಗ ಪಾದಚಾರಿ ಸಾಯುವ ಸಾಧ್ಯತೆ, ವೇಗ 50ರಿಂದ 65ಕ್ಕೆ ಏರಿದರೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬರೀ ಬೋರ್ಡು ನೆಟ್ಟರೆ ಯಾರೂ ನಿಧಾನವಾಗುವುದಿಲ್ಲ. ರಸ್ತೆಯನ್ನೇ ಅಲ್ಲಿ ಸ್ವಲ್ಪ ಎತ್ತರಿಸಿ, ಕಿರಿದು ಮಾಡಿ, ದಾಟುವ ಪಟ್ಟೆ ಎಳೆಯಬೇಕು.

ಎರಡು, ಗಟಾರ. ಇದು ಮಳೆನಾಡು. ಇಲ್ಲಿ ಗಟಾರ ಬೇಕೇ ಬೇಕು. ಅದೇ ಗಟಾರವನ್ನು ಗಟ್ಟಿಯಾಗಿ ಕಟ್ಟಿ ಮೇಲೆ ಸ್ಲ್ಯಾಬ್ ಹಾಸಿದರೆ ಅದೇ ಕಾಲುದಾರಿ. ನಿಲ್ದಾಣದಿಂದ ಶಾಲೆಗೆ, ಶಾಲೆಯಿಂದ ದವಾಖಾನೆಗೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಕಡಿಯದ ಒಂದು ಆರು ಅಡಿಯ ದಾರಿ. ಇಡೀ ಊರಿಗೆ ಒಮ್ಮೆಲೇ ಬೇಡ, ಈ ಒಂದು ಗೆರೆ ಮೊದಲು ಪೂರ್ತಿಯಾಗಲಿ.

ಮೂರು, ದಾಟುವ ಜಾಗಗಳು. ಹಳಿಯನ್ನೂ ಹೆದ್ದಾರಿಯನ್ನೂ ದಾಟುವಲ್ಲಿ ದೀಪ ಇರಬೇಕು, ನೀರು ನಿಲ್ಲಬಾರದು. ಮೇಲ್ಸೇತುವೆಯ ಮೆಟ್ಟಿಲಿನ ಬದಿಗೆ ಗೇಣಗಲದ ಜಾರು ಪಟ್ಟಿ ಹಾಕಿದರೆ ಸೈಕಲ್ಲನ್ನು ಎತ್ತದೆ ಉರುಳಿಸಿಕೊಂಡು ಹೋಗಬಹುದು. ಕೋಟಿಗಳ ಕಾಮಗಾರಿಯಲ್ಲಿ ಇದರ ಖರ್ಚು ಲೆಕ್ಕಕ್ಕೂ ಬರುವುದಿಲ್ಲ.

ನಾಲ್ಕು, ನಿಲ್ದಾಣದಲ್ಲಿ ಸೈಕಲ್‌ಗೆ ನೆರಳಿರುವ, ಕಾವಲಿರುವ ಜಾಗ. ಸುತ್ತಲಿನ ಹಳ್ಳಿಯಿಂದ ಸೈಕಲ್ ಮೇಲೆ ಬಂದು ರೈಲು ಹತ್ತುವ ಅನುಕೂಲ ಆದರೆ, ಬರೀ ಕಾಲೇಜು ಸೇರಿದ ಕಾರಣಕ್ಕೆ ಮನೆಯವರು ಸಾಲ ಮಾಡಿ ಬೈಕು ಕೊಡಿಸುವುದು ತಪ್ಪುತ್ತದೆ.

ಐದು, ಹೊಸ ಪ್ಲಾಟುಗಳು. ಇದು ಎಲ್ಲಕ್ಕಿಂತ ಮುಖ್ಯ, ಯಾರೂ ಗಮನಿಸದ್ದೂ ಇದೇ. ಬೆಳಗಾವಿಯಿಂದ ಖಾನಾಪುರದವರೆಗೆ ಹೆದ್ದಾರಿಗುಂಟ ಎನ್.ಎ. ಪ್ಲಾಟುಗಳ ಫಲಕ ಕಾಣುತ್ತವೆ. ಒಂದು ಕಡೆಯಿಂದ ಮಾತ್ರ ಒಳಹೋಗುವ ರಸ್ತೆ, ಸುತ್ತ ಕಂಪೌಂಡು. ಪಕ್ಕದ ಬಡಾವಣೆಯ ಅಂಗಡಿಗೆ ಹೋಗಬೇಕೆಂದರೂ ಹೆದ್ದಾರಿಗೆ ಬಂದೇ ಹೋಗಬೇಕು. ನಮ್ಮ ಹಳೆಯ ಓಣಿಗಳು ಹಾಗಿರಲಿಲ್ಲ. ಒಂದು ಓಣಿ ಇನ್ನೊಂದಕ್ಕೆ ಕೂಡುತ್ತಿತ್ತು, ಸಂದಿಯಲ್ಲಿ ಹಾದರೆ ಗುಡಿ, ಗುಡಿಯ ಹಿಂದೆ ಶಾಲೆ. ಹೊಸ ಬಡಾವಣೆಗೆ ಮಂಜೂರಾತಿ ಕೊಡುವಾಗಲೇ ಪಕ್ಕದ ಊರಿಗೆ ಕೂಡುವ ಕಾಲುದಾರಿ, ದಾರಿಯ ಬದಿಗೆ ಹೊಂಗೆ, ನೇರಳೆ, ಮಾವಿನ ಸಾಲು ಕಡ್ಡಾಯ ಮಾಡಬೇಕು. ಮನೆ ಎದ್ದ ಮೇಲೆ ದಾರಿ ಬಿಡಿಸಲು ಯಾರಿಂದಲೂ ಆಗುವುದಿಲ್ಲ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ‘ಮೊದಲು ರಸ್ತೆ ಆಗಲಿ, ಉದ್ಯೋಗ ಬರಲಿ, ಸೈಕಲ್ ದಾರಿ ಆಮೇಲೆ ನೋಡೋಣ.’ ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ಗೋವಾಕ್ಕೆ ಹೋಗುವವರು ಬೇಗ ಹೋಗಲಿ. ಆದರೆ ಅವರ ಹತ್ತು ನಿಮಿಷ ಉಳಿಸಲು ನಮ್ಮೂರಿನ ಮಕ್ಕಳು ದಾರಿ ಕಳೆದುಕೊಳ್ಳಬಾರದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೃಷಿಯೇತರ ಕೆಲಸಕ್ಕೆ ಹೋಗುವವರಲ್ಲಿ ಕಾರು ಬಳಸುವವರು ಶೇ 3ರಷ್ಟೂ ಇರಲಿಲ್ಲ. ನಡೆದು, ಸೈಕಲ್ ತುಳಿದು ಹೋಗುವವರು ಮೂರರಲ್ಲೊಬ್ಬರಿಗಿಂತ ಹೆಚ್ಚು. ಅವರಿಗೆ ಆರು ಅಡಿ ಬಿಡಿ ಎಂದರೆ ಅತಿಯಾಸೆಯಲ್ಲ.

ಸೈಕಲ್ ಎಂದರೆ ಬಡತನ, ಬೈಕು ಎಂದರೆ ಮರ್ಯಾದೆ ಎಂಬ ಭಾವನೆಯನ್ನೂ ನನ್ನ ವಾರಿಗೆಯವರು ಬಿಡಬೇಕು. ಇಪ್ಪತ್ತರ ಹುಡುಗ ಬೈಕಿನ ಕಂತು ಕಟ್ಟಲು ದುಡಿದು, ನಲವತ್ತಕ್ಕೆ ಶುಗರ್ ಮಾತ್ರೆಗೆ ದುಡಿಯುವುದರಲ್ಲಿ ಯಾವ ಮರ್ಯಾದೆಯೂ ಇಲ್ಲ. ಹಳಿಗುಂಟ ದಿನಾ ನಡೆದು ಒಂದೊಂದು ಕೀಲನ್ನೂ ಪರೀಕ್ಷಿಸುವ ಕೀಮ್ಯಾನ್‌ನ ನಡಿಗೆಯ ಮೇಲೆ ಸಾವಿರಾರು ಪ್ರಯಾಣಿಕರ ಜೀವ ನಿಂತಿದೆ. ನಡೆಯುವವರನ್ನು ಕೀಳಾಗಿ ನೋಡುವ ಹಕ್ಕು ರೈಲ್ವೆ ಊರಿನವರಿಗಂತೂ ಇಲ್ಲ.

ಟೇಪು ಹಿಡಿದು ಗ್ರಾಮಸಭೆಗೆ

ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಬಹಳ ಕಡೆ ಅದು ಸ್ವಾಗತ, ಭಾಷಣ, ಬಿಸ್ಕಿಟ್‌ನಲ್ಲಿ ಮುಗಿಯುತ್ತದೆ. ಈ ಸಲ ಅದಕ್ಕೆ ಬೇರೆ ಕೆಲಸ ಕೊಡೋಣ. ಕಾಲೇಜಿಗೆ ಹೋಗುವ ನಾವು ನಾಲ್ಕೈದು ಜನ ಸೇರಿ, ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಊರು ಸುತ್ತೋಣ. ಕೈಯಲ್ಲಿ ಅಳತೆಯ ಟೇಪು, ಸುಣ್ಣ, ಒಂದು ನೋಟ್‌ಬುಕ್. ಎಲ್ಲಿ ಆರು ಅಡಿ ಇದೆ, ಎಲ್ಲಿ ಒಂದಡಿಯೂ ಇಲ್ಲ, ಎಲ್ಲಿ ದೀಪ ಕೆಟ್ಟಿದೆ, ಎಲ್ಲಿ ಗಟಾರ ಬಾಯಿ ತೆರೆದಿದೆ, ಎಲ್ಲಿ ದಾಟಲು ಭಯವಾಗುತ್ತದೆ, ಎಲ್ಲವನ್ನೂ ಮಕ್ಕಳೇ ಗುರುತು ಹಾಕಲಿ. ಅದು ನಮ್ಮೂರಿನ ನಡಿಗೆಯ ನಕ್ಷೆ. ಅದರ ಒಂದು ಪ್ರತಿ ಪಿಡಿಒ ಅವರಿಗೆ, ಒಂದು ಹೆದ್ದಾರಿಯವರಿಗೆ, ಒಂದು ರೈಲ್ವೆಗೆ. ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಒಂದು ಗೆರೆಯಾದರೂ ಸೇರುವವರೆಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ನಮ್ಮ ಪಾಲು.

ದೊಡ್ಡ ನಗರಗಳಿಗೆ ಈಗಾಗಲೇ ಕಟ್ಟಿದ್ದನ್ನು ಒಡೆದು ಸರಿಪಡಿಸುವ ಕಷ್ಟ ಇದೆ. ನಮಗೆ ಆ ಕಷ್ಟ ಇನ್ನೂ ಬಂದಿಲ್ಲ. ಲೋಂಡಾ ಇನ್ನೂ ನಡೆದು ಮುಗಿಸಬಹುದಾದಷ್ಟು ಸಣ್ಣದಾಗಿದೆ, ಕಾಡು ಇನ್ನೂ ಊರಿನ ಬೆನ್ನಿಗಿದೆ, ಪ್ಲಾಟುಗಳ ಗೆರೆ ಪೂರ್ತಿಯಾಗಿ ಎಳೆದಾಗಿಲ್ಲ. ಆರು ಅಡಿ ಬಿಡಿಸಿಕೊಳ್ಳಲು ಇದೇ ಸಮಯ. ಮುಂದಿನ ಸಲ ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ಸೈಕಲ್ ಬಂದಾಗ, ಅವಳಪ್ಪ ಬಾಗಿಲಲ್ಲಿ ನಿಂತು ‘ಹುಷಾರಾಗಿ ಹೋಗಿ ಬಾ ತಂಗಿ’ ಎನ್ನುವಂಥ ಊರು ನಮ್ಮದಾಗಲಿ.